ತೂಬು ಕಾಯುತ್ತಿದ್ದ ಲಗಮವ್ವ

ಮೊದಲು ಓದುವವರ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಸಾಲು ನೆಟ್ಟಗೆ ಹೋಗಲೆಂದು ಹಾಳೆಯ ಮೇಲೆ ಕಟ್ಟಿಗೆಯ ಪಟ್ಟಿ ಇಟ್ಟುಕೊಂಡು ಬರೆದರೂ ಕೊನೆಗೆ ಬರುವಷ್ಟರಲ್ಲಿ ಸಾಲು ಕೆಳಗೆ ಇಳಿದುಬಿಡುತ್ತದೆ. ಬಳಸಬೇಕಾದ ಮಾತುಗಳೂ ನನಗೆ ಎಲ್ಲ ಗೊತ್ತಿಲ್ಲ. ಐದನೆಯ ಇಯತ್ತೆಯ ನಡುವೆ ಸಾಲೆ ಬಿಟ್ಟವಳು ನಾನು. ತಪ್ಪಿದ್ದಲ್ಲಿ ತಿದ್ದಿ ಓದಿಕೊಳ್ಳಬೇಕು.

ನಮ್ಮ ಮಾಸ್ತರರ ಹೆಂಡತಿ ಶಿವವ್ವನವರ ಮನೆಗೆ ಒಂದು ಮಾಸಪತ್ರಿಕೆ ಬರುತ್ತದೆ. ಊರ ಸಾಮಾನ್ಯರ ಜೀವನವನ್ನು ಬರೆದು ಕಳಿಸಿರಿ ಎಂದು ಅದರಲ್ಲಿ ಕೇಳಿದ್ದರು. ಶಿವವ್ವನವರು ನನಗೆ ಹಾಳೆ, ಶಾಯಿ ಕೊಟ್ಟು, "ನಿಮ್ಮ ಲಗಮವ್ವತ್ತಿ ಬಗ್ಗೆ ಬರಿ, ಉದ್ದವ್ವ. ನೀ ಕಂಡದ್ದಷ್ಟ ಬರಿ. ಕಾಣಲಾರದ್ದು ಕೂಡಸಬ್ಯಾಡ," ಎಂದರು. ಹಾಗೆಯೇ ಬರೆಯುತ್ತಿದ್ದೇನೆ. ನಾನು ಹುಟ್ಟುವ ಮೊದಲಿನದನ್ನು ಮಾತ್ರ ಅವ್ವನಿಂದ ಕೇಳಿ ಬರೆದಿದ್ದೇನೆ.

ನಮ್ಮೂರು ಕುಲಗೋಡಕ್ಕೆ ನಡೆದು ಹೋಗುವಷ್ಟು ದೂರದಲ್ಲಿದೆ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ನಾಳೆ ಅದೇ ಊರಲ್ಲಿ ನಾನು ನೀರಿಗೆ ಹೋಗಬೇಕು. ನಾವು ಕುರುಬರು. ನಮ್ಮ ಅಪ್ಪ ಬೀರಸಿದ್ದಪ್ಪ ಕುರಿ ಕಾಯುತ್ತಾನೆ. ಲಗಮವ್ವ ಅವನ ಅಕ್ಕ, ನನಗೆ ಸೋದರತ್ತೆ.

ಊರಿನ ಪಡುವಣಕ್ಕೆ ಗುಡ್ಡವಿದೆ. ಆ ಗುಡ್ಡದ ನೀರು ಹಳ್ಳವಾಗಿ ಬಂದು ಕೆರೆಗೆ ಸೇರುತ್ತದೆ. ಕೆರೆಯ ಒಡ್ಡಿನ ನಡುವೆ ಕಲ್ಲಿನ ತೂಬು, ಅಂದರೆ ಕೆಳಗಿನ ಹೊಲಗಳಿಗೆ ನೀರು ಬಿಡುವ ಕಿಂಡಿ ಇದೆ. ಅದರ ಬಾಯಿಗೆ ಕೊಡತಿ ಎಂಬ ದಪ್ಪ ಸುತ್ತಿಗೆಯಿಂದ ಮರದ ಬಿರಡೆ ಬಡಿದಿರುತ್ತಾರೆ. ತೂಬಿನ ಪಕ್ಕದಲ್ಲಿ ನೀರೊಳಗೆ ಒಂದು ಕಲ್ಲು ನಿಂತಿದೆ. ಅದರ ಮೇಲೆ ಬಸವಣ್ಣನನ್ನು ಕೊರೆದಿದ್ದಾರೆ. ನೀರು ಇಳಿದು ಇಳಿದು ಬಸವಣ್ಣನ ಗೊರಸು ಕಂಡ ದಿನ ಬಿರಡೆಯನ್ನು ಗಟ್ಟಿಯಾಗಿ ಬಡಿದುಬಿಡಬೇಕು. ಮುಂದೆ ಮಿರಗದ (ಮೃಗಶಿರೆಯ) ಮಳೆ ಬರುವ ತನಕ ಹೊಲಕ್ಕೆ ಒಂದು ಹನಿಯೂ ಬಿಡುವಂತಿಲ್ಲ. ಗೊರಸಿನ ಕೆಳಗಿನ ನೀರಿಗೆ ನಮ್ಮಲ್ಲಿ ದನದ ನೀರು ಎನ್ನುತ್ತಾರೆ. ಅದು ದನ ಕುರಿಗಳಿಗೆ ಮತ್ತು ಮನುಷ್ಯರ ಬಾಯಿಗೆ ಮಾತ್ರ. ಊರ ಬಾವಿಗಳಿಗೂ ಅದೇ ನೀರು ಬಸಿದು ಬರುತ್ತದೆ.

ಇನ್ನೊಂದು ಕಟ್ಟಳೆಯನ್ನು ಇಲ್ಲಿಯೇ ಹೇಳಬೇಕು. ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕೆರೆಯ ಕೆಳಗೆ ಅಂಗೈಯಗಲ ಹೊಲವಿದ್ದ ಮನೆಯವರೂ ತೂಬು ಕಾಯಬಾರದು. ಹೊಲವಿದ್ದವನ ಕೈ ಬಿರಡೆಯ ಮೇಲೆ ನಡುಗುತ್ತದೆ ಎಂದು ಹಿಂದಿನವರು ಹಾಗೆ ಮಾಡಿದ್ದಾರೆ. ಹೊಲವಿಲ್ಲದವರು ನಾವಾದ್ದರಿಂದ ತೂಬು ನಮ್ಮ ಮನೆಗೆ ಬಂದಿತ್ತು. ಸುಗ್ಗಿಯಲ್ಲಿ ಕೆಳಗಿನ ಹೊಲದವರು ಒಬ್ಬೊಬ್ಬರೂ ಒಂದೊಂದು ಬುಟ್ಟಿ ಜೋಳ ಕೊಡುತ್ತಿದ್ದರು.

ಮೊದಲು ನಮ್ಮ ಅಜ್ಜ ಕಾಯುತ್ತಿದ್ದ. ಅಜ್ಜ ತೀರಿದಾಗ ಅಪ್ಪ ಇನ್ನೂ ಅಂಗಳದಲ್ಲಿ ಆಡುವ ಹುಡುಗ. ಅಜ್ಜಿ ಮೊದಲೇ ಹೋಗಿದ್ದಳು. ಅತ್ತೆಯನ್ನು ಹುಕ್ಕೇರಿಯ ಕಡೆಗೆ ಕೊಟ್ಟಿದ್ದರು. ಅವಳ ಗಂಡ ಪ್ಲೇಗಿನಲ್ಲಿ ತೀರಿದ. ಅವಳು ತವರಿಗೆ ಬಂದು ತಮ್ಮನನ್ನೂ ತೂಬನ್ನೂ ಕೂಡಿಯೇ ಹಿಡಿದುಕೊಂಡಳು. ಹೆಂಗಸು ತೂಬು ಕಾಯುವುದೇ ಎಂದು ಚಾವಡಿಯಲ್ಲಿ ನಕ್ಕರಂತೆ. ಮತ್ತೆ ಮದುವೆಯಾಗು ಎಂದು ಹುಕ್ಕೇರಿಯಿಂದಲೇ ಕೇಳಿಕೊಂಡು ಬಂದವರಿದ್ದರಂತೆ. ನಮ್ಮಲ್ಲಿ ಅದು ನಡೆಯುತ್ತದೆ. "ತಮ್ಮಗ ಮೀಸಿ ಬರಲಿ, ಆಮ್ಯಾಲ ನೋಡೋಣು," ಎಂದಳಂತೆ. ತಮ್ಮನಿಗೆ ಮೀಸೆ ಬಂತು, ಮದುವೆಯಾಯಿತು, ನಾನೂ ಹುಟ್ಟಿದೆ. ಅವಳು ಹಾಗೆಯೇ ಉಳಿದಳು.

ನನಗೆ ತಿಳಿವಳಿಕೆ ಬಂದಾಗಿನಿಂದ ಅತ್ತೆ ಕೆರೆಯ ಮೇಲೆಯೇ ಇರುತ್ತಿದ್ದಳು. ಮಳೆಗಾಲಕ್ಕೆ ಮುಂಚೆ ಹಳ್ಳ ಕೆರೆಗೆ ಸೇರುವ ಬಾಯಿಯಲ್ಲಿ ಮುಳ್ಳು, ಕಸ ಸಿಕ್ಕಿದ್ದನ್ನು ಬಿಡಿಸುತ್ತಿದ್ದಳು. ಒಡ್ಡಿನ ಮೇಲೆ ಹೆಗ್ಗಣ ತೋಡಿದ ಬಿಲಗಳಿಗೆ ಮಣ್ಣು ಮೆತ್ತುತ್ತಿದ್ದಳು. ಮೂಡಣ ಕಡೆ ಕುಡಿಯುವ ನೀರಿನ ಮೆಟ್ಟಿಲು, ತೆಂಕಣ ಕಡೆ ದನ ಇಳಿಯುವ ಜಾಗ. ಮೆಟ್ಟಿಲ ಕಡೆ ಎಮ್ಮೆಯ ಬಾಲ ಕಂಡರೂ ಅವಳ ಕೈಯಲ್ಲಿ ಮಣ್ಣಿನ ಹೆಂಟೆ ಇರುತ್ತಿತ್ತು. ಒಮ್ಮೆ ಅಪ್ಪನೇ ಉಣ್ಣೆ ಕತ್ತರಿಸುವ ಮುಂಚೆ ಕುರಿಗಳನ್ನು ತೊಳೆಯಲು ಮೆಟ್ಟಿಲ ಕಡೆ ಇಳಿಸಿದ್ದ. ಅತ್ತೆ ಅವನಿಗೂ ಹೆಂಟೆ ಬೀರಿದಳು. ಅಪ್ಪ ನಗುತ್ತ ಕುರಿ ಹೊಡೆದುಕೊಂಡು ಹೋದ.

ಊರವರಿಗೆ ಅವಳ ಮೇಲೆ ಸಿಟ್ಟಿರಲಿಲ್ಲವೆಂದು ಹೇಳಲಾರೆ. ಆದರೆ ಮರ್ಯಾದೆ ಇತ್ತು. ಒಂದು ಸಲ ಯಾರೋ ಪುಂಡಿಯ ಕಟ್ಟಿಗೆಯ ಸಿವುಡುಗಳನ್ನು ನಾರು ಬಿಡಲೆಂದು ಕೆರೆಯಲ್ಲಿ ನೆನೆಹಾಕಿದ್ದರು. ಹಗ್ಗಕ್ಕೆ ನಾರು ಬೇಕೆಂದರೆ ಪುಂಡಿ ನೀರಲ್ಲಿ ಕೊಳೆಯಬೇಕು. ಕೊಳೆತರೆ ನೀರು ಕಪ್ಪಾಗಿ ನಾರುತ್ತದೆ, ಮೀನು ಬೆಳ್ಳಗೆ ಹೊಟ್ಟೆ ಮೇಲೆ ಮಾಡಿ ತೇಲುತ್ತವೆ. ಅದಕ್ಕೆಂದೇ ಊರಾಚೆ ಬೇರೆ ಹೊಂಡವಿದೆ. ಅತ್ತೆ ಆ ಸಿವುಡುಗಳನ್ನು ಎಳೆದು ತಂದು, ಕೊಳೆ ನೀರು ಸೋರುತ್ತಿದ್ದಂತೆಯೇ ಚಾವಡಿಯ ಕಟ್ಟೆಯ ಮೇಲೆ ಒಗೆದಳು. ಕಟ್ಟೆಯ ಮೇಲೆ ಊರ ಗೌಡರಾದ ಮುರಿಗೆಪ್ಪನವರು ಕೂತಿದ್ದರು.

"ಯಾರದವ್ವಾ ಇದು ಪುಂಡಿ?" ಎಂದು ಮೂಗು ಮುಚ್ಚಿಕೊಂಡು ಕೇಳಿದರು.

"ನಿಮ್ಮದ ಐತ್ರಿ, ಗೌಡ್ರ. ನಿಮ್ಮ ಆಳು ಹಾಕಿದ್ದು ನಾ ನೋಡೇನಿ."

ಗೌಡರು ನಕ್ಕುಬಿಟ್ಟರು. "ಇಕಿ ಇರೂತನಕ ಕೆರಿಗಿ ಕೇಡಿಲ್ಲ ನೋಡ್ರೆಪಾ," ಎಂದು ಎಲ್ಲರೆದುರು ಹೇಳಿದರು. ಅಂದಿನಿಂದ ಅತ್ತೆ ಗೌಡರನ್ನು ತನ್ನ ಅಣ್ಣನ ಹಾಗೆ ನಂಬಿದಳು. ಸುಗ್ಗಿಯಲ್ಲಿ ಅವರ ಮನೆಯ ಬುಟ್ಟಿ ಎಲ್ಲರಿಗಿಂತ ತುಂಬಿ ಬರುತ್ತಿತ್ತು. ಅದನ್ನೂ ಇಲ್ಲಿ ಬರೆಯುವುದು ನ್ಯಾಯ.

ಯುದ್ಧ ಸುರುವಾದ ಮೇಲೆ ಗೋಕಾಕದ ಪೇಟೆಯಲ್ಲಿ ಬೆಲ್ಲಕ್ಕೆ ಎಂದೂ ಇಲ್ಲದ ಬೆಲೆ ಬಂತು. ಕೆರೆಯ ಕೆಳಗೆ ಜೋಳ, ಗೋಧಿ ಬೆಳೆಯುತ್ತಿದ್ದವರೆಲ್ಲ ಕಬ್ಬು ಹಚ್ಚಿದರು. ಜೋಳ ಚಳಿಗಾಲಕ್ಕೆ ಮುಗಿಯುತ್ತದೆ. ಕಬ್ಬಿಗೆ ಬೇಸಿಗೆಯಲ್ಲಿಯೂ ನೀರು ಬೇಕು. ಬೇಸಿಗೆಯಲ್ಲಿ ಕೆರೆಯಲ್ಲಿ ಇರುವುದು ದನದ ನೀರು ಮಾತ್ರ.

ಹೋದ ವರ್ಷ ಬೇಸಿಗೆಯಲ್ಲಿ ಗೌಡರು ತಾವೇ ಒಡ್ಡಿನ ಮೇಲೆ ಬಂದರು. ಜೊತೆಗೆ ಕೆಂಚಪ್ಪನೂ ಇದ್ದ. ಅವನು ಗೌಡರ ಬೆಲ್ಲದ ಗಾಣ ನೋಡಿಕೊಳ್ಳುವವನು, ಅವನಿಗೂ ಸ್ವಂತ ಹೊಲವಿಲ್ಲ. ನಾನು ಅತ್ತೆಗೆ ರೊಟ್ಟಿ ತಂದಿದ್ದೆ.

"ಲಗಮವ್ವ, ಒಂದ ನಾಕ ದಿನ ಬಿರಡಿ ಸಡಿಲ ಮಾಡ. ಕಬ್ಬ ಒಣಗಾಕತ್ತೈತಿ," ಎಂದರು ಗೌಡರು.

"ಗೊರಸು ಕಂಡಾವ್ರಿ, ಗೌಡ್ರ."

"ಗೊರಸು ಕಾಣಲಿ ಬಿಡ. ಗೊರಸಿನ ಕೆಳಗ ಇನ್ನೊಂದೀಟ ಇಳದ್ರ ಬಸವಣ್ಣ ಏನ ಸಿಟ್ಟಿಗೇಳತಾನ?"

"ಬಸವಣ್ಣ ಸಿಟ್ಟಿಗೇಳೂದಿಲ್ರಿ. ನಿಮ್ಮ ಎತ್ತ ಸಿಟ್ಟಿಗೇಳತಾವು. ಮಿರಗದ ಮಳಿ ತಡಾ ಆದ್ರ ಅವಕ್ಕ ಬೆಲ್ಲಾ ಕುಡಸ್ತೀರೇನು?"

ಕೆಂಚಪ್ಪ ಹಿಂದಿನಿಂದ, "ಹೆಂಗಸಿನ ಕೈಯಾಗ ತೂಬ ಕೊಟ್ರ ಹಿಂಗ ಆಗತೈತಿ ನೋಡ್ರಿ," ಎಂದ.

"ಹೌದಪಾ. ನಿನ್ನ ಕೈಯಾಗ ಕೊಟ್ರ ಗೌಡ್ರು ಕೆಮ್ಮಿದ್ರ ಸಾಕು, ಬಿರಡಿ ತಾನ ಹಾರತೈತಿ," ಎಂದಳು ಅತ್ತೆ. ಗೌಡರೂ ನಕ್ಕರು. ನಗುತ್ತಲೇ ತಿರುಗಿ ಹೋದರು. ಅವರಿಗೆ ಅಂದು ಸಿಟ್ಟು ಬಂದಿದೆಯೆಂದು ನನಗೆ ಅನಿಸಲಿಲ್ಲ. ಅತ್ತೆಗೂ ಅನಿಸಿರಲಿಲ್ಲ.

ಈ ವರ್ಷ ಸಂಕ್ರಾಂತಿಯ ದಿನ ಅಪ್ಪ ತಲೆಗೆ ಹೊಸ ಪಟಕಾ ಸುತ್ತಿಕೊಂಡು ಮನೆಗೆ ಬಂದ. ಅಷ್ಟು ಹಿಗ್ಗಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಅಪ್ಪ ಎಷ್ಟೋ ವರ್ಷಗಳಿಂದ ಗೌಡರ ಹೊಲಗಳಲ್ಲಿ ಕುರಿ ಕೂಡಿಸುತ್ತಿದ್ದ. ಕುರಿಗಳ ಹಿಕ್ಕೆಯಿಂದ ಹೊಲಕ್ಕೆ ಗೊಬ್ಬರವಾಗುತ್ತದೆ, ಕುರುಬರಿಗೆ ಕಾಳು ಸಿಗುತ್ತದೆ. ಈಗ ಗೌಡರು ಅದರ ಉಪಕಾರಕ್ಕೆಂದು ಅವನಿಗೆ ಒಂದು ತುಂಡು ಹೊಲ ಬಿಟ್ಟುಕೊಟ್ಟಿದ್ದರು.

"ಅಕ್ಕಾ, ಇನ್ನ ಮ್ಯಾಲ ನಾವೂ ಒಕ್ಕಲಿಗ್ರು," ಎಂದ.

ಅತ್ತೆ ಎಳ್ಳು ಹುರಿಯುತ್ತಿದ್ದಳು. ಅವಳಿಗೂ ಸಂತೋಷವಾಯಿತು. "ಛಲೋ ಆತು ತಮ್ಮಾ. ಎಲ್ಲಿ ಐತಿ ಹೊಲಾ?"

"ಕೆರಿ ಕೆಳಗ. ಕಾಲವಿ ತುದೀಗಿ."

ಎಳ್ಳು ಸಿಡಿಯುತ್ತಿತ್ತು. ಅತ್ತೆ ಕೈಯಾಡಿಸುವುದನ್ನು ನಿಲ್ಲಿಸಿದಳು. ಸ್ವಲ್ಪ ಹೊತ್ತಿಗೆ ಎಳ್ಳು ಸೀದ ವಾಸನೆ ಬಂತು, ಅವ್ವ ಬಂದು ಬೋಗುಣಿ ಇಳಿಸಿದಳು.

"ಕೆರಿ ಕೆಳಗ ಹೊಲಾ ಇದ್ರ ತೂಬ ಹೋಗತೈತಿ. ನಿನಗ ಗೊತ್ತಿಲ್ಲೇನು?" ಎಂದು ಅತ್ತೆ ಕೇಳಿದಳು.

"ತೂಬ ಹೋದ್ರ ಹೋಗಲಿ ಅಕ್ಕಾ. ಬುಟ್ಟಿ ಜ್ವಾಳಕ್ಕ ಬಿಸಲಾಗ ಕುಂದರೂದು ತಪ್ಪತೈತಿ."

"ಜ್ವಾಳದ ಮಾತಲ್ಲೋ. ನಾ ಎದ್ರ ಮರುದಿನಾನ ಬಿರಡಿ ಕೀಳತಾರ. ಗುಡ್ಡದಾಗಿನ ಕುರಿ ಬ್ಯಾಸಗ್ಯಾಗ ಎಲ್ಲಿ ನೀರ ಕುಡೀಬೇಕು? ನಿನ್ನ ಕುರೀನ ಎಲ್ಲಿ ಕುಡೀಬೇಕು? ತಿರಿಗಿ ಕೊಟ್ಟ ಬಾ."

ಅಪ್ಪ ಪಟಕಾ ಬಿಚ್ಚಿ ಗೂಟಕ್ಕೆ ಹಾಕಿದ. "ನಾ ಹುಟ್ಟಿದಾಗಿಂದ ಮಂದಿ ಹೊಲದಾಗ ಮಲಗೇನಿ. ಒಂದ ಹೊಲದಾಗರ ನನ್ನ ಹೊಲಾ ಅಂತ ಮಲಗತೇನಿ. ಅದನ್ನ ಕೊಡಾಂಗಿಲ್ಲ," ಎಂದ. ಅವನ ಆಸೆಯನ್ನೂ ನಾನು ಸುಳ್ಳೆಂದು ಹೇಳಲಾರೆ.

ಅಂದೇ ಅತ್ತೆ ತನ್ನ ಕೌದಿ, ಒಂದು ಗಡಿಗೆ, ಒಂದು ಹೆಂಚು ತೆಗೆದುಕೊಂಡು ತೂಬು ಕಾಯುವವರಿಗೆಂದು ಒಡ್ಡಿನ ಮೇಲೆ ಹಾಕಿದ್ದ ಗುಡಿಸಲಿಗೆ ಹೋದಳು. ಅಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದಳು. ನಮ್ಮೂರಲ್ಲಿ ಒಂದು ಒಲೆಗೆ ಒಂದು ಮನೆ ಎಂದು ಲೆಕ್ಕ. ಒಂದೇ ಒಲೆಯ ಅಡಿಗೆ ಉಣ್ಣುವವರು ಎಲ್ಲಿ ಮಲಗಿದರೂ ಒಂದೇ ಮನೆಯವರು. ಒಲೆ ಬೇರೆಯಾದರೆ ಮನೆ ಬೇರೆ. ಆದರೆ ಒಲೆ ಒಡೆದವರು ವರ್ಷ ತುಂಬುವ ತನಕ ಹಳೆಯ ಒಲೆಯ ತುತ್ತು ಮುಟ್ಟಬಾರದು. ಮುಟ್ಟಿದರೆ ಒಲೆ ಮತ್ತೆ ಕೂಡಿತೆಂದೇ ಹಿಡಿಯುತ್ತಾರೆ. ಅಣ್ಣ ತಮ್ಮಂದಿರು ಪಾಲಾದಾಗ ನಡೆಯುವ ಕಟ್ಟಳೆ ಇದು. ಅಕ್ಕ ತಮ್ಮನಿಂದ ಒಲೆ ಒಡೆದದ್ದು ನಮ್ಮೂರಲ್ಲಿ ಅದೇ ಮೊದಲು. ಅತ್ತೆಯ ಒಲೆಗೆ ಹೊಲವಿರಲಿಲ್ಲ. ಆದ್ದರಿಂದ ತೂಬು ಅವಳ ಕೈಯಲ್ಲಿಯೇ ಉಳಿಯಿತು. ಚಾವಡಿಯವರು ಏನೂ ಹೇಳುವಂತಿರಲಿಲ್ಲ.

ನಾನು ದಿನವೂ ಸಾಲೆಯ ಹೊತ್ತು ಮುಗಿದ ಮೇಲೆ ಅವಳ ಹತ್ತಿರ ಹೋಗುತ್ತಿದ್ದೆ. ಮೊದಲ ದಿನ ರೊಟ್ಟಿ ಒಯ್ದಿದ್ದೆ. ಅವಳು ಮುಟ್ಟಲಿಲ್ಲ. "ಇದನ್ನ ನೀನ ತಿನ್ನು. ಮತ್ತ ತರಬ್ಯಾಡ. ನಿಮ್ಮ ಮನ್ಯಾಗಿನ ಉಪ್ಪಿನ ಹಳ್ಳೂ ಸೈತ ತರಬ್ಯಾಡ," ಎಂದಳು. "ನಿಮ್ಮ ಮನಿ" ಎಂದು ಅವಳ ಬಾಯಿಂದ ಮೊದಲ ಸಲ ಕೇಳಿದೆ.

ಒಬ್ಬಳೇ ರೊಟ್ಟಿ ಬಡಿಯುವುದನ್ನು ನೋಡಿ ನೀರಿಗೆ ಬಂದ ಹೆಂಗಸರು ಕಾಡಿಸುತ್ತಿದ್ದರು. ಅಕ್ಕವ್ವ ಎಂಬ ಮುದುಕಿ ಅವಳ ಗೆಳತಿ. ದಿನವೂ ಕೊಡ ಇಳಿಸಿ ಒಂದು ಮಾತು ಹೇಳದೆ ಹೋಗುತ್ತಿರಲಿಲ್ಲ.

"ಯಾಕ ಲಗಮಿ, ಈ ವಯಸ್ಸನ್ಯಾಗ ಹೊಸಾ ಸಂಸಾರಾ ಹೂಡಿದಿ. ಗಂಡ ಯಾವಾಗ ಬರತಾನ?"

"ಬಂದಾನ ನೋಡ ಅಲ್ಲಿ. ನೀರಾಗ ನಿಂತಾನ, ಬರೇ ಗೊರಸು ತೋರಸ್ತಾನ," ಎಂದು ಅತ್ತೆ ಬಸವಣ್ಣನ ಕಲ್ಲಿಗೆ ಕೈ ಮಾಡುತ್ತಿದ್ದಳು. ಅಕ್ಕವ್ವ ನಕ್ಕು ನಕ್ಕು ಕೊಡ ಎತ್ತಲಾರದೆ ನನ್ನನ್ನು ಕರೆಯುತ್ತಿದ್ದಳು.

ಅತ್ತೆ ಸೊರಗಿದ್ದಳು. ತಮ್ಮ ಬರುತ್ತಾನೆಂದು ಸಂಜೆಯ ಹೊತ್ತಿಗೆ ಊರ ಕಡೆ ನೋಡುತ್ತ ಕೂಡುತ್ತಿದ್ದಳು. ಅಪ್ಪ ಒಡ್ಡಿನ ಕಡೆಗೆ ಹಾಯಲೇ ಇಲ್ಲ.

ಯುಗಾದಿಯ ದಿನ ಅವನು ಬಂದ. ನಾನು ಅಲ್ಲಿಯೇ ಇದ್ದೆ. ಕೈಯಲ್ಲಿ ಹಿತ್ತಾಳೆಯ ಗಂಗಾಳ, ಅದರಲ್ಲಿ ಅವ್ವ ಮಾಡಿದ ಹೋಳಿಗೆ, ಬೇವು ಬೆಲ್ಲ. ಗಂಗಾಳವನ್ನು ಅತ್ತೆಯ ಮುಂದೆ ಇಟ್ಟು ನೆಲದ ಮೇಲೆ ಕೂತ.

"ಅಕ್ಕಾ, ಹೊಲಾ ಬಿಟ್ಟೇನಿ," ಎಂದ. "ಮುಂಜಾನೆ ಗೌಡ್ರಿಗೆ ಹೇಳಿ ಬಂದೇನಿ. ನೀ ಇಲ್ಲದ ಮನ್ಯಾಗ ಹಬ್ಬದ ಊಟಾ ಗಂಟಲದಾಗ ಇಳೀಲಿಲ್ಲ."

ಅತ್ತೆ ಅವನ ಮುಖವನ್ನೇ ನೋಡಿದಳು. "ಖರೇನ?"

"ಖರೇ ಅಕ್ಕಾ. ಬೀರದೇವರ ಭಂಡಾರ ಮುಟ್ಟಿ ಹೇಳಲೇನು?" ಎಂದು ಅಪ್ಪ ಸೊಂಟದ ಚೀಲಕ್ಕೆ ಕೈ ಹಾಕಿದ. ನಾವು ಕುರುಬರು ಭಂಡಾರದ ಅರಿಶಿನ ಮುಟ್ಟಿ ಸುಳ್ಳು ಹೇಳುವುದಿಲ್ಲ.

ಅತ್ತೆ ಅವನ ಕೈ ಹಿಡಿದುಬಿಟ್ಟಳು. "ಬ್ಯಾಡ ಬಿಡ. ನನ್ನ ತಮ್ಮನ ಮಾತಿಗಿ ಭಂಡಾರ ಯಾಕ ಬೇಕು."

ಅವಳು ತಾನೇ ಹೋಳಿಗೆ ಮುರಿದು ಮೊದಲ ತುತ್ತು ಅಪ್ಪನ ಬಾಯಿಗೆ ಇಟ್ಟಳು. ಎರಡನೆಯದು ನನಗೆ. ಆಮೇಲೆ ತಾನು ಉಂಡಳು. ಹಸಿದಿದ್ದಳೆಂದು ತೋರುತ್ತದೆ, ಗಂಗಾಳ ಬರಿದಾಯಿತು. ಅಪ್ಪ ತಲೆ ತಗ್ಗಿಸಿ ಅಳುತ್ತಿದ್ದ. ಅಕ್ಕ ಸಿಕ್ಕಳೆಂದು ಅಳುತ್ತಾನೆಂದು ನಾನು ತಿಳಿದೆ. ಒಡ್ಡಿನ ಆ ತುದಿಯಲ್ಲಿ ಕೆಂಚಪ್ಪ ಹುಣಸೆಯ ಗಿಡದ ಕೆಳಗೆ ನಿಂತು ಬೀಡಿ ಸೇದುತ್ತಿದ್ದ. ಹಬ್ಬದ ದಿನ ಗಾಣ ನಿಂತಿರುತ್ತದೆ, ಸುಮ್ಮನೆ ಬಂದಿರಬೇಕೆಂದು ಅದರ ಕಡೆಗೂ ಲಕ್ಷ್ಯ ಕೊಡಲಿಲ್ಲ. ಅತ್ತೆ ನಾಳೆ ಮನೆಗೆ ಬರುತ್ತೇನೆಂದು ಹೇಳಿ ಕೌದಿಯನ್ನು ಬಿಸಿಲಿಗೆ ಹಾಕಿದಳು.

ಮರುದಿನ ಮುಂಜಾನೆ ಅತ್ತೆಯನ್ನು ಚಾವಡಿಗೆ ಕರೆಸಿದರು. ನಾನೂ ಹಿಂದೆ ಹೋಗಿ ಬೇವಿನ ಗಿಡದ ಹತ್ತಿರ ಹೆಂಗಸರ ಸಂಗಡ ನಿಂತೆ. ಒಳಗೆ ಗೌಡರು, ಕೆರೆಯ ಕೆಳಗಿನ ಹೊಲದವರು, ಕೆಂಚಪ್ಪ ಇದ್ದರು. ಅಪ್ಪ ಕಂಬಕ್ಕೆ ಒರಗಿ ನಿಂತಿದ್ದ.

ಗೌಡರು ಮೆಲ್ಲಗೆ ಮಾತಾಡಿದರು. "ಲಗಮವ್ವ, ನಿನ್ನ ಮ್ಯಾಲ ನಮಗ ಯಾರಿಗೂ ಸಿಟ್ಟಿಲ್ಲ. ಆದ್ರ ಕಟ್ಟಳಿ ಕಟ್ಟಳಿ. ಅದನ್ನ ನಮಗ ಕಲಿಸಿದಾಕಿನ ನೀನು. ನಿನ್ನಿ ನೀ ಯಾರ ಒಲಿ ಅನ್ನಾ ಉಂಡಿ?"

"ನನ್ನ ತಮ್ಮನ ಒಲೀದು ಉಂಡೇನ್ರಿ. ಅವಂಗ ಈಗ ಹೊಲಾ ಇಲ್ಲ."

ಗೌಡರು ಅಪ್ಪನ ಕಡೆ ತಿರುಗಿದರು. "ಬೀರಸಿದ್ದಪ್ಪ, ಹೊಲಾ ಬಿಟ್ಟೀಯೇನು?"

ಅಪ್ಪ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ. ಎಲ್ಲರೂ ಕಾದರು.

"ಇಲ್ರಿ," ಎಂದ.

"ಬಿಡೂದ ಯಾಕ, ಮೊನ್ನೆನ ರಂಟಿ ಹೊಡದ ಕಬ್ಬ ಹಚ್ಚಾನಲ್ಲ," ಎಂದ ಕೆಂಚಪ್ಪ. "ಉಂಡದ್ದನ್ನ ನಾನೂ ಕಣ್ಣಾರೆ ನೋಡೇನಿ."

ಅತ್ತೆ ಅಪ್ಪನ ಹತ್ತಿರ ಹೋಗಿ ನಿಂತಳು. ಬಡಿಯುತ್ತಾಳೆಂದು ನಾನು ಅಂಜಿದೆ. ಅವಳು ಬಹಳ ಸಣ್ಣ ದನಿಯಲ್ಲಿ, "ಭಂಡಾರಕ್ಕ ಕೈ ಹಾಕಿದ್ದೆಲ್ಲೋ ತಮ್ಮಾ. ನಾ ಹಿಡೀದಿದ್ರ ಮುಟ್ಟತಿದ್ದೇನು?" ಎಂದು ಕೇಳಿದಳು.

ಅಪ್ಪ ಮುಖ ತಿರುಗಿಸಿದ. ಆ ಮಾತಿಗೆ ಇವತ್ತಿನವರೆಗೂ ಉತ್ತರ ಕೊಟ್ಟಿಲ್ಲ.

ಆಮೇಲೆ ಅವಳು ಗೌಡರ ಕಡೆ ತಿರುಗಿದಳು. "ಇದನ್ನ ಅವಂಗ ಕಲಿಸಿಕೊಟ್ಟವರು ಯಾರಂತ ನಾ ಕೇಳಾಂಗಿಲ್ರಿ. ಪುಂಡಿ ಎಳಕೊಂಡ ಬಂದಾಗ ನೀವು ನಕ್ಕಿದ್ರಿ. ಆ ನಗೀನ ನಾ ನಂಬಿದ್ದೆ." ಗೌಡರು ಎಲೆಯಡಿಕೆಯ ಚೀಲ ಬಿಚ್ಚುತ್ತ ಕೂತರು.

ಒಲೆ ಮತ್ತೆ ಕೂಡಿತೆಂದು ಹಿಡಿದು, ತೂಬನ್ನು ಹೊಲವಿಲ್ಲದ ಕೆಂಚಪ್ಪನಿಗೆ ಒಪ್ಪಿಸಲು ಹೇಳಿದರು. ಅತ್ತೆ ಗುಡಿಸಲಿಗೆ ಹೋಗಿ ಕೊಡತಿ ತಂದು ಅವನ ಕೈಗೆ ಕೊಟ್ಟಳು. "ಹಿಡಿ ಸಡಿಲ ಐತಿ. ಬಡಿಯೂ ಮುಂದ ನೋಡ್ಕೊ, ಕಾಲ ಮ್ಯಾಲ ಬಿದ್ದೀತು," ಎಂದಳು. ಕೆಂಚಪ್ಪ ಗೌಡರ ಮುಖ ನೋಡಿದ.

ಅಂದು ಮಧ್ಯಾಹ್ನವೇ ಬಿರಡೆ ಕಿತ್ತರು. ಬಸವಣ್ಣನ ಗೊರಸು ಆಗಲೇ ಕಂಡಿತ್ತು. ಕಾಲುವೆಯಲ್ಲಿ ನೀರು ಬಂದದ್ದನ್ನು ನೋಡಿ ಹುಡುಗರು ಕುಣಿದರು. ಕಬ್ಬು ಹಸಿರಾಯಿತು. ಗೊರಸಿನ ಕೆಳಗಿನ ಕಲ್ಲು ಕಂಡಿತು, ಆಮೇಲೆ ಕಲ್ಲಿನ ಬುಡವೇ ಕಂಡಿತು. ಅದರ ಬುಡ ಹೇಗಿದೆಯೆಂದು ಊರಿನ ಮುದುಕರೂ ನೋಡಿರಲಿಲ್ಲ. ಕೆರೆ ಕೆಸರಾಯಿತು. ಮೀನು ಕೆಸರಿನಲ್ಲಿ ಬಾಯಿ ತೆರೆದು ಬಿದ್ದವು, ಹದ್ದುಗಳು ಬಂದವು. ನೀರು ಕುಡಿಯಲು ಇಳಿದ ಅಕ್ಕವ್ವನ ಆಕಳು ಹೂಳಿನಲ್ಲಿ ಸಿಕ್ಕಿಕೊಂಡಿತು. ಹಗ್ಗ ಹಾಕಿ ಎಳೆದರೂ ಬದುಕಲಿಲ್ಲ. ಊರ ಬಾವಿಗಳಲ್ಲಿ ಕೊಡ ತಳಕ್ಕೆ ಬಡಿಯತೊಡಗಿತು. ಹೆಂಗಸರೆಲ್ಲ ಹಳ್ಳದಾಚೆಯ ತೋಟದ ಬಾವಿಗೆ ಹೋಗಿ ಸರತಿ ಹಿಡಿದು ಕೂಡಬೇಕಾಯಿತು. ಅವ್ವ ಬಸುರಿ. ಆದ್ದರಿಂದ ನಮ್ಮ ಮನೆಯಿಂದ ನಾನು ಹೋಗತೊಡಗಿದೆ. ಹೋಗಿ ಬರುವುದರಲ್ಲಿ ಸಾಲೆಯ ಹೊತ್ತು ಮೀರುತ್ತಿತ್ತು. ಹಾಗೆ ನನ್ನ ಸಾಲೆ ನಿಂತಿತು. ಮಾಸ್ತರರು ಬೈಯಲಿಲ್ಲ. ಅವರ ಮನೆಯ ಕೊಡವೂ ಅದೇ ಸರತಿಯಲ್ಲಿ ಇರುತ್ತಿತ್ತು.

ಅಪ್ಪನ ಹೊಲ ಕಾಲುವೆಯ ತುದಿಗೆ ಇತ್ತೆಂದು ಮೊದಲೇ ಬರೆದಿದ್ದೇನೆ. ನೀರು ಮೇಲಿನ ಹೊಲಗಳಲ್ಲಿಯೇ ಮುಗಿಯುತ್ತಿತ್ತು. ಅಪ್ಪ ಗೌಡರನ್ನು ಕೇಳಲು ಹೋದ. "ತುದಿ ಹೊಲಕ್ಕ ತುದೀಗಿ ನೀರಪಾ. ಇದ್ರ ಬರತೈತಿ," ಎಂದರಂತೆ. ಅವನ ಕಬ್ಬು ಮೊಳಕೆಯಲ್ಲಿಯೇ ಕೆಂಪಾಯಿತು. ಕುರಿಗಳನ್ನು ಹೊಡೆದುಕೊಂಡು ಘಟಪ್ರಭೆಯ ದಂಡೆಗೆ ಹೋದ. ಅಲ್ಲಿಯೂ ಕುರಿಗಳು ಬಹಳ ಸೇರಿವೆ, ಮೇವಿಲ್ಲ ಎಂದು ಕೆಲವು ದಿನಕ್ಕೆ ತಿರುಗಿ ಬಂದ. ಬಂದಾಗ ಹಿಂಡು ಸಣ್ಣದಾಗಿತ್ತು.

ಅತ್ತೆ ಒಡ್ಡಿನ ಗುಡಿಸಲು ಬಿಡಲಿಲ್ಲ. ಅವಳನ್ನು ಎಬ್ಬಿಸಲು ಯಾರಿಗೂ ಬಾಯಿ ಬರಲಿಲ್ಲ. ಕೆರೆಯ ನೀರು ಮುಗಿದ ಮೇಲೆ ಅವಳು ಸಲಿಕೆ, ಬುಟ್ಟಿ ತೆಗೆದುಕೊಂಡು ಬರಿದಾದ ಕೆರೆಯೊಳಗೆ ಇಳಿದಳು. ಹಳ್ಳ ಬಂದು ಸೇರುವ ಕಡೆ ಮರಳಿದೆ. ಅಲ್ಲಿ ತೋಡುತ್ತ ಹೋದಳು. ಎದೆಯಾಳಕ್ಕೆ ಒರತೆಯ ನೀರು ಸಿಕ್ಕಿತು. ಪಕ್ಕದಲ್ಲಿ ದನ ಕುಡಿಯಲೆಂದು ಮಣ್ಣಿನ ದೋಣಿಯಂತೆ ಕಟ್ಟಿ ನೀರು ಸುರಿದಳು. ಮೊದಲು ಬಂದದ್ದು ಒಂದು ಬಡಕಲು ಕರು. ಆಮೇಲೆ ಊರ ದನವೆಲ್ಲ ಬಂದವು. ಗೌಡರ ಎತ್ತುಗಳೂ ಬಂದವು.

ಅಕ್ಕವ್ವ ಒರತೆಯ ದಂಡೆಯ ಮೇಲೆ ಕೂತು, "ಆ ಎತ್ತಿಗಿ ನೀರ ಕೊಡಬ್ಯಾಡ ಲಗಮಿ. ಅವಕ್ಕ ಬೆಲ್ಲಾ ಕುಡಸಂತ ಹೇಳಿ ಕಳಸು," ಎಂದಳು.

"ಎತ್ತೇನು ನನಗ ಹೋಳಿಗಿ ತಂದಿಲ್ಲಲ್ಲ," ಎಂದಳು ಅತ್ತೆ. ಅದನ್ನು ಹೇಳುವಾಗ ಅವಳು ನಗಲಿಲ್ಲ. ಅಕ್ಕವ್ವನೂ ನಗಲಿಲ್ಲ.

ಮೊನ್ನೆ ಅಪ್ಪ ನಮ್ಮ ಎಮ್ಮೆ ಹೊಡೆದುಕೊಂಡು ಒಡ್ಡಿನವರೆಗೆ ಬಂದು ಅಲ್ಲಿಯೇ ನಿಂತ. ಕೆಳಗೆ ಇಳಿಯಲಿಲ್ಲ. "ಅಕ್ಕಾ," ಎಂದು ಕರೆದ. ಅತ್ತೆ ಬುಟ್ಟಿಯಲ್ಲಿ ಮರಳು ತುಂಬುತ್ತಿದ್ದಳು, ತಲೆ ಎತ್ತಲಿಲ್ಲ. ಅವನು ಮತ್ತೊಮ್ಮೆ ಕರೆದ. ಅವಳು ನನಗೆ ಹೇಳಿದಳು: "ಉದ್ದವ್ವ, ನೀ ಹೋಗಿ ಎಮ್ಮಿ ಹೊಡಕೊಂಡ ಬಾ. ಎಮ್ಮಿ ಏನ ಮಾಡೇತಿ."

ನಾನು ಹೋಗಿ ಎಮ್ಮೆಯನ್ನು ತಂದೆ. ಅದು ಕುಡಿಯುವ ತನಕ ಅಪ್ಪ ಮೇಲೆ ಬಿಸಿಲಲ್ಲಿ ನಿಂತಿದ್ದ. ನಾನು ಎಮ್ಮೆ ತಿರುಗಿಸಿಕೊಂಡು ಹೋದಾಗ, "ಏನರ ಅಂದಳೇನು?" ಎಂದು ಕೇಳಿದ. ಇಲ್ಲ ಎಂದೆ. ಅವನು ನನ್ನ ಅಪ್ಪ. ಅವನ ಮೇಲೆ ಸಿಟ್ಟು ಮಾಡುವುದು ಹೇಗೆಂದು ನನಗೆ ಇನ್ನೂ ತಿಳಿದಿಲ್ಲ. ಆದರೆ ಆ ಯುಗಾದಿಯ ಹೋಳಿಗೆಯ ಎರಡನೆಯ ತುತ್ತು ನಾನೂ ತಿಂದಿದ್ದೆ, ಅದು ಸಿಹಿಯಾಗಿತ್ತು, ಅವನಿಗೆ ಎಲ್ಲ ಗೊತ್ತಿದ್ದೂ ನಮ್ಮಿಬ್ಬರನ್ನು ಉಣ್ಣಲು ಬಿಟ್ಟ. ಅದನ್ನು ನೆನೆದರೆ ಅವನ ಎದುರಿಗೆ ಕೂತು ಊಟ ಮಾಡಲು ಆಗುತ್ತಿಲ್ಲ.

ಮಿರಗದ ಮಳೆ ಇನ್ನೂ ಬಂದಿಲ್ಲ. ಒರತೆಯ ಬದಿಯ ಮರಳು ದಿನವೂ ಕುಸಿದು ಬೀಳುತ್ತಿದೆ. ಅತ್ತೆಯ ಅಂಗೈ ಒಡೆದಿದೆ, ಬುಟ್ಟಿ ಎತ್ತುವಾಗ ಸೊಂಟ ಹಿಡಿದುಕೊಳ್ಳುತ್ತಾಳೆ. ಒಬ್ಬಳಿಂದ ಅದು ಉಳಿಯುವುದಿಲ್ಲ. ಅವ್ವನಿಗೆ ಹೇಳಿದ್ದೇನೆ, ಅವಳು ಬೇಡ ಎನ್ನಲಿಲ್ಲ. ಅಪ್ಪನಿಗೆ ಹೇಳಿಲ್ಲ. ನಾಳೆ ಮುಂಜಾನೆ ತೋಟದ ಬಾವಿಯಿಂದ ಮನೆಗೆ ನೀರು ತಂದಿಟ್ಟು, ಸಲಿಕೆ ತೆಗೆದುಕೊಂಡು ಕೆರೆಗೆ ಇಳಿದು, ಅತ್ತೆಯ ಸಂಗಡ ಒರತೆಯ ಮರಳು ತೆಗೆಯುತ್ತೇನೆ.